ಗಿರಣಿಯ ಸದ್ದಿನೊಳಗಿನ ಮಾತನ್ನು ಕೇಳಿಸಿಕೊಂಡವರು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಳೆದ ಮೂವತ್ತೇಳು ವರ್ಷಗಳಲ್ಲಿ ಕನ್ನಡದ ಅಕ್ಷರ ತಿದ್ದಿದವರ ಪೈಕಿ ಬಹಳಷ್ಟು ಮಂದಿ ಶ್ರೀಮತಿ ಉಮಾದೇವಿ ಗುರುಲಿಂಗಯ್ಯ ಸ್ಥಾವರಮಠ ಅವರ ದುಂಡನೆಯ ಬರಹವನ್ನು ನೋಡಿಯೇ ತಿದ್ದಿದವರು. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನೂ, ಹಸಿದ ಮಗುವಿನ ವಿಷಯದಲ್ಲಿ ಅವರಷ್ಟು ಸಡಿಲವಾದವರನ್ನೂ ನಮ್ಮ ಇಲಾಖೆಯಲ್ಲಿ ನಾನು ಕಂಡಿಲ್ಲ. ಅವರ ನಿವೃತ್ತಿಯ ನಿಮಿತ್ತ ಹೊರಬರುತ್ತಿರುವ ಈ ಸಂಪುಟಕ್ಕೆ ಅವರ ಕನ್ನಡ ಸೇವೆಯ ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ನನ್ನನ್ನು ಕೇಳಿದರು. ಅದನ್ನು ಬರೆಯಬಲ್ಲವರು ಬೇಕಾದಷ್ಟು ಜನರಿದ್ದಾರೆ. ಅವರ ವಿದ್ಯಾರ್ಥಿನಿಯೂ ಮುಂದೆ ಸಹೋದ್ಯೋಗಿಯೂ ಆದ ನಾನು ಬರೆಯಬೇಕಾದದ್ದು ಇನ್ನೊಂದು ಭಾಷೆಯ ಸಂಗತಿ. ಆ ಭಾಷೆಗೆ ಹೊರಗಿನವರು ಕರೆಯುವ ಹೆಸರಿಲ್ಲ.

ಒಪ್ಪಿಗೆ ಕೇಳಲು ಹೋದಾಗ ಅವರು ಒಂದೇ ಷರತ್ತು ಹಾಕಿದರು. "ಬರಿಯೋದಾದ್ರ ಪಾಟಿ ಸಂಗತಿ ಬಿಡಬ್ಯಾಡ ಶ್ರುತಿ. ಅದನ್ನ ಬಿಟ್ಟು ಬರದ್ರ ಅದು ನನ್ನ ಮ್ಯಾಲಿನ ಲೇಖನ ಆಗಂಗಿಲ್ಲ." ಹೀಗಾಗಿ ಅಭಿನಂದನೆಯ ಲೇಖನದಲ್ಲಿ ಸಾಮಾನ್ಯವಾಗಿ ಬಾರದ ಒಂದು ಮಾತನ್ನು ಅವರ ಅಪ್ಪಣೆಯ ಮೇರೆಗೇ ಬರೆಯುತ್ತಿದ್ದೇನೆ.

ಉಮಾದೇವಿಯವರು ಚಿಂಚೋಳಿ ತಾಲ್ಲೂಕಿನ ಕೊಡ್ಲಿಯವರು. ಅವರ ತಂದೆ ಗುರುಲಿಂಗಯ್ಯನವರು ನಿಜಾಮರ ಕಾಲದಲ್ಲಿ ಸಾಲಿ ಕಲಿತವರು. ಆ ಕಾಲದ ಸಾಲಿಯೆಂದರೆ ಉರ್ದು. ಮನೆಯಲ್ಲಿ ಆಡುವ ಮಾತು ಸಾಲಿಯ ಹೊಸ್ತಿಲ ಆಚೆಗೇ ಉಳಿಯಬೇಕು. ಒಮ್ಮೆ ಬಾಯಾರಿಕೆಯಾಗಿ ಅವರು "ನೀರು" ಎಂದು ಕೇಳಿದ್ದಕ್ಕೆ, ಅದೇ ಮಾತನ್ನು ಸರಕಾರದ ಭಾಷೆಯಲ್ಲಿ ಕೇಳುವ ತನಕ ನೀರು ಕೊಡದೆ ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಅವರು ಸಾಯುವವರೆಗೂ ಸಹಿಯನ್ನು ಉರ್ದುವಿನಲ್ಲೇ ಹಾಕಿದರು. ಕನ್ನಡದಲ್ಲಿ ಹಾಕಲು ಹೋದರೆ ಕೈ ನಡುಗುತ್ತಿತ್ತು. ಆ ನಡುಕ ನೋಡಿ ಬೆಳೆದ ಮಗಳು ಕನ್ನಡದ ಶಿಕ್ಷಕಿಯಾಗುವ ಹಟ ತೊಟ್ಟದ್ದು ಸಹಜ. ೧೯೮೮ರ ಜೂನ್ ತಿಂಗಳಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಅವರು ಸಹಶಿಕ್ಷಕಿಯಾಗಿ ನಮ್ಮ ಹಾಜರಿವಾಡಿಯ ಶಾಲೆಗೆ ಬಂದರು.

ಹಾಜರಿವಾಡಿ ಶಹಾಬಾದಿನಿಂದ ವಾಡಿಗೆ ಹೋಗುವ ರೈಲು ಹಳಿಯ ಪಕ್ಕದಲ್ಲಿದೆ. ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳ ನಡುವೆ ಇಪ್ಪತ್ತಾರು ಮನೆ. ಗೋಡೆ ಫರಸಿ, ಮಾಳಿಗೆ ಫರಸಿ, ಸತ್ತವರ ಮೇಲೆ ಮುಚ್ಚುವುದೂ ಫರಸಿ. ಓಣಿಯ ಅಂಚಿನಲ್ಲಿ ಆಗ ಕಲ್ಲು ಪುಡಿ ಮಾಡುವ ದೊಡ್ಡ ಕ್ರಷರ್ ಇತ್ತು. ಹೊಸ ಟೀಚರಿಗೆ ಮೊದಲು ಅರ್ಥವಾಗದೆ ಹೋದದ್ದು ಓಣಿಯ ಮೌನ. ನೀರಿಗೆ ಬಂದ ಹೆಂಗಸರು ಮಾತಾಡುತ್ತಿರಲಿಲ್ಲ, ಕಟ್ಟೆಯ ಮೇಲಿನ ಮುದುಕರು ಮಾತಾಡುತ್ತಿರಲಿಲ್ಲ, ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೂ ಸೂಜಿ ಬಿದ್ದರೆ ಕೇಳಿಸುವಂತಿತ್ತು. ಬೆಳಿಗ್ಗೆ ಹತ್ತಕ್ಕೆ ಕ್ರಷರ್ ಶುರುವಾದೊಡನೆ ಓಣಿಯ ಎಲ್ಲರ ತುಟಿಗಳೂ ಒಟ್ಟಿಗೆ ಆಡತೊಡಗುತ್ತಿದ್ದವು. ಕಿವಿಗೆ ಬೀಳುತ್ತಿದ್ದುದು ಕಲ್ಲಿನ ಸದ್ದು ಮಾತ್ರ. ಮಷೀನು ನಿಂತ ಕ್ಷಣದಲ್ಲೇ ಎಲ್ಲ ತುಟಿಗಳೂ ನಿಂತುಬಿಡುತ್ತಿದ್ದವು.

"ಮಂದಿ ಮಾತು ಮುಗಿಸಿ ಸುಮ್ಮನಾದಂಗ ಇರಲಿಲ್ಲ ಅದು," ಎಂದು ಅವರು ಎಷ್ಟೋ ವರ್ಷಗಳ ನಂತರ ನನಗೆ ಹೇಳಿದರು. "ಯಾರೋ ಬಂದು ಎಲ್ಲರ ಬಾಯಿ ಮ್ಯಾಲ ಒಮ್ಮೇ ಕೈ ಇಟ್ಟಂಗ ಆಗತಿತ್ತು. ಒಬ್ಬೊಬ್ಬರ ಬಾಯಿ ಅರ್ಧ ತೆರದೇ ಇರತಿತ್ತು."

ನನ್ನನ್ನು ಶಾಲೆಗೆ ಸೇರಿಸಿದ್ದು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಮಾಳಮ್ಮ. ಹುಡುಗಿಯ ಹೆಸರೇನೆಂದು ಟೀಚರು ಕೇಳಿದಾಗ ಆಯಿ ಉತ್ತರ ಕೊಡಲಿಲ್ಲ. ಆ ಹೊತ್ತಿಗೆ ಕ್ರಷರ್ ನಿಂತಿತ್ತು. ಎರಡು ಸಲ ಕೇಳಿ, ಕಾದು, ಕೊನೆಗೆ ಟೀಚರು ತಾವೇ "ಶ್ರುತಿ" ಎಂದು ಬರೆದುಕೊಂಡರು. ಏಳು ವರ್ಷದ ನನಗೆ ಅಂದಿನಿಂದ ಆ ಹೆಸರೇ ಖಾಯಂ ಆಯಿತು.

ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ. ವಾಡಿ ಕಡೆಯಿಂದ ಗೂಡ್ಸ್ ಗಾಡಿ ಬರುತ್ತಿತ್ತು. ಗಾಡಿ ಹಾಯುವಷ್ಟು ಹೊತ್ತು ನಾವು ಮಕ್ಕಳು ನಮ್ಮ ಮನೆಯ ಮಾತಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಡಬ್ಬಿಗಳ ಲೆಕ್ಕ ನಮಗೆ ಬರುತ್ತಿತ್ತು, ಸದ್ದು ಯಾವಾಗ ಮುಗಿಯುತ್ತದೆಂಬ ಅಂದಾಜೂ ಇರುತ್ತಿತ್ತು. ಅಂದು ಗಾಡಿ ಗಿಡ್ಡದಿತ್ತು. ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ ನಾನು ಪಕ್ಕದವಳಿಗೆ ಹೇಳುತ್ತಿದ್ದ ಮಾತು, ಸದ್ದು ಹೋದ ಮೇಲೆ, ತರಗತಿಯ ನಡುವೆ ಒಂಟಿಯಾಗಿ ಉಳಿಯಿತು. ಮೂವತ್ತು ಮಕ್ಕಳೂ ತಲೆ ತಗ್ಗಿಸಿದರು.

"ಏನಂದಿ?" ಎಂದರು ಟೀಚರು. ನಾನು ಬಾಯಿ ಬಿಡಲಿಲ್ಲ. ಅವರು ನನ್ನ ಪಾಟಿಯ ಮೇಲೆ "ನಾನು ಶಾಲೆಯಲ್ಲಿ ಕನ್ನಡವನ್ನೇ ಮಾತನಾಡುತ್ತೇನೆ" ಎಂದು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು, ಸುತಳಿ ಕಟ್ಟಿ, ನನ್ನ ಕೊರಳಿಗೆ ಹಾಕಿ, ಶಾಲೆ ಬಿಡುವ ತನಕ ಬಾಗಿಲಲ್ಲಿ ನಿಲ್ಲಿಸಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಕನ್ನಡಕ್ಕಾಗಿ ತಾವು ಮಾಡಬೇಕಾದದ್ದನ್ನು ಮಾಡುತ್ತಿದ್ದೇವೆಂಬ ನಂಬಿಕೆ ಅವರಿಗಿತ್ತು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ನಾವು ಸಾಲು ನಿಲ್ಲುವ ಮೊದಲೇ ಶಾಲೆಯ ಅಂಗಳದಲ್ಲಿ ಇನ್ನೊಂದು ಸಾಲು ನಿಂತಿತ್ತು. ಓಣಿಯ ಹನ್ನೊಂದು ಜನ ಮುದುಕ ಮುದುಕಿಯರು, ತೋಳಿಗೆ ತೋಳು ತಾಗದಷ್ಟು ಅಂತರ ಬಿಟ್ಟು, ಧ್ವಜದ ಕಂಬಕ್ಕೆ ಮುಖ ಮಾಡಿ, ಬಲಗೈ ಎತ್ತಿ, ಐದೂ ಬೆರಳು ಬಿಡಿಸಿ ನಿಂತಿದ್ದರು. ಮೊದಲು ನನ್ನ ಆಯಿ, ಅವಳ ಪಕ್ಕ ಅವಳ ತಂಗಿ ಹೀರಾಬಾಯಿ. ಆಯಿ "ಹಾಜರ್" ಎಂದಳು. ಹೀರಾಬಾಯಿ "ಹಾಜರ್" ಎಂದಳು. ಹೀಗೆ ಕೊನೆಯವರೆಗೂ ಹೋಗಿ, ಮತ್ತೆ ಮೊದಲಿಂದ ಶುರುವಾಯಿತು.

ಆಗಿನ ಮುಖ್ಯಗುರುಗಳು ನಕ್ಕರು. "ಏನ್ರೀ, ಮುದುಕರೂ ಸಾಲಿ ಕಲೀಲಿಕ್ಕ ಬಂದೀರೇನು?" ಬೇರೆ ಯಾರೂ ನಗಲಿಲ್ಲ. ಉಮಾದೇವಿಯವರು ಹತ್ತಿರ ಹೋಗಿ, "ಕುಂದ್ರಿ, ಯಾಕ ನಿಂತೀರಿ?" ಎಂದರು.

ಆಯಿ ಕಂಬದಿಂದ ಕಣ್ಣು ತೆಗೆಯದೆ ಹೇಳಿದಳು: "ಬರಕೋರಿ ಬಾಯಿ. ಬರಕೊಂಡ್ರ ನಾವು ಹೋಗ್ತೀವಿ."

"ಏನು ಬರಕೋಬೇಕು?"

"ನಾವು ಬಂದೀವಿ ಅಂತ."

ಬೇರೆ ದಾರಿ ಕಾಣದೆ ಟೀಚರು ಹಾಜರಿ ಪುಸ್ತಕ ತಂದು, ಖಾಲಿ ಹಾಳೆ ತೆಗೆದು, ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಂಡರು. ಹೆಸರು ಬರೆಸಿದವರು ಕೈ ಇಳಿಸಿ, ಬೆನ್ನು ತಿರುಗಿಸದೆ ಹಿಂದ್ಹಿಂದಕ್ಕೆ ನಡೆದು ಗೇಟು ದಾಟಿದರು. ಅಷ್ಟು ಜನ ಹೋದರೂ ಅಂಗಳದಲ್ಲಿ ಒಂದು ಹೆಜ್ಜೆಯ ಸದ್ದೂ ಕೇಳಿಸಲಿಲ್ಲ ಎಂಬುದು ನನಗೆ ಈಗಲೂ ನೆನಪಿದೆ.

ಓಣಿಗೆ ಹಾಜರಿವಾಡಿ ಎಂಬ ಹೆಸರು ಯಾಕೆ ಬಂತೆಂದು ಅದುವರೆಗೆ ಯಾವ ಶಿಕ್ಷಕರೂ ಕೇಳಿರಲಿಲ್ಲ. ಉಮಾದೇವಿಯವರು ಶಹಾಬಾದಿನ ಹಳಬರನ್ನೆಲ್ಲ ಕೇಳಿ ತಿಳಿದುಕೊಂಡರು. ಕೆಲವು ಜಾತಿಗಳು ಹುಟ್ಟಿನಿಂದಲೇ ಕಳ್ಳರೆಂದು ಬ್ರಿಟಿಷರು ಮಾಡಿದ ಕಾನೂನಿನ ಮಾದರಿಯಲ್ಲೇ ಹೈದರಾಬಾದ್ ಸಂಸ್ಥಾನದಲ್ಲೂ ಕಟ್ಟಳೆಗಳಿದ್ದವು. ಊರಿಂದೂರಿಗೆ ಕಲ್ಲುಕೆಲಸ ಹುಡುಕಿಕೊಂಡು ತಿರುಗುತ್ತಿದ್ದ ನಮ್ಮ ಹಿರಿಯರನ್ನು ಆ ಕಟ್ಟಳೆಯಡಿ ತಂದು ಇಲ್ಲಿ ಕೂಡಿಹಾಕಿದ್ದರು. ದಿನಕ್ಕೆ ಮೂರು ಸಲ ಹಾಜರಿ. ನಮ್ಮ ಮಾತನ್ನು ಅಧಿಕಾರಿಗಳು ತಮ್ಮ ಪುಸ್ತಕದಲ್ಲಿ ಕಳ್ಳರ ಗುಟ್ಟಿನ ಮಾತು ಎಂದು ಬರೆದುಕೊಂಡಿದ್ದರು. ಅದು ಕಿವಿಗೆ ಬಿದ್ದರೆ ಹಾಜರಿ ತೆಗೆಯುವ ಜಮಾದಾರ ಆ ಒಬ್ಬರನ್ನಲ್ಲ, ಇಡೀ ಮನೆತನವನ್ನೇ ಮರುದಿನ ಬೆಳಿಗ್ಗೆ ಸಾಲು ನಿಲ್ಲಿಸುತ್ತಿದ್ದ. ಆದ್ದರಿಂದ ಜನ ಕಲ್ಲು ಒಡೆಯುವ ಹೊತ್ತಿನಲ್ಲಿ, ನಲವತ್ತು ಸುತ್ತಿಗೆಗಳ ಸದ್ದಿನ ಮರೆಯಲ್ಲಿ ಮಾತ್ರ ತಮ್ಮ ಮಾತು ಆಡುವುದನ್ನು ರೂಢಿಸಿಕೊಂಡರು. ಐವತ್ತೆರಡರಲ್ಲಿ ಕಾನೂನು ಹೋಯಿತು, ಐವತ್ತಾರರಲ್ಲಿ ಕನ್ನಡ ನಾಡಾಯಿತು. ಸುತ್ತಿಗೆಯ ಜಾಗಕ್ಕೆ ಕ್ರಷರ್ ಬಂತು. ಕೇಳುವ ಕಿವಿ ಇನ್ನೂ ಎಲ್ಲೋ ಇದೆಯೆಂಬ ಅಂಜಿಕೆ ಮಾತ್ರ ಹೋಗಲಿಲ್ಲ. ಪಾಟಿ ಕಟ್ಟಿದ ದಿನ ಆ ಕಿವಿ ತಮ್ಮದೇ ಆಯಿತೆಂದು ಉಮಾದೇವಿಯವರು ಅರಿತರು.

ಅವರು ಕೊಡ್ಲಿಗೆ ಹೋಗಿ ತಂದೆಗೆ ಎಲ್ಲವನ್ನೂ ಹೇಳಿದರು. ಗುರುಲಿಂಗಯ್ಯನವರು, "ನನ್ನ ಬಿಸಲಾಗ ನಿಂದರಿಸಿದ ಮಾಸ್ತರ ಆಮ್ಯಾಲ ಒಂದಿನಾನೂ ನಮ್ಮ ಮನೀಗಿ ಬರಲಿಲ್ಲ. ನೀ ಹೋಗು," ಎಂದಷ್ಟೇ ಅಂದರು.

ಅವರು ಬಂದರು. ನಮ್ಮ ಮನೆಯ ಅಂಗಳದಲ್ಲಿ ಕೈಮುಗಿದು ನಿಂತ ಟೀಚರನ್ನು ನೋಡಿ ಆಯಿಗೆ ಗಾಬರಿಯಾಯಿತು. "ನೀವೇನು ಹೊಡೀಲಿಲ್ಲಲ್ರಿ. ಪಾಟಿ ಹಾಕಿದ್ರಿ, ಅಷ್ಟೇ," ಎಂದಳು.

"ಅದು ಯಾವ ಮಾತು, ಆಯಿ? ನಿಮ್ಮ ಮಾತಿಗಿ ಏನಂತಾರ?"

"ನಮಗ ಬ್ಯಾರೆ ಮಾತ ಇಲ್ರಿ."

ಅದೇ ಹೊತ್ತಿಗೆ ಕ್ರಷರ್ ಶುರುವಾಯಿತು. ಆಯಿ ತಂಗಿಯ ಕಡೆ ತಿರುಗಿದಳು. ಟೀಚರ ಎದುರೇ ಇಬ್ಬರ ತುಟಿಗಳೂ ಆಡತೊಡಗಿದವು.

ಪಾಟಿಯ ಶಿಕ್ಷೆ ಮತ್ತೆಂದೂ ನಮ್ಮ ಶಾಲೆಯಲ್ಲಿ ನಡೆಯಲಿಲ್ಲ. ಅದರ ನಂತರ ಟೀಚರು ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಇಲ್ಲಿ ದಾಖಲಿಸಲೇಬೇಕು. ಗೂಡ್ಸ್ ಗಾಡಿ ಬಂದಾಗಲೆಲ್ಲ ಅವರು ಪಾಠ ನಿಲ್ಲಿಸಿ, ನಮಗೆ ಬೆನ್ನು ಮಾಡಿ, ಬೋರ್ಡು ಒರೆಸುತ್ತ ನಿಲ್ಲುತ್ತಿದ್ದರು. ಒರೆಸಿದ ಬೋರ್ಡನ್ನೇ ಗಾಡಿಯ ಕೊನೆಯ ಡಬ್ಬಿ ದಾಟುವವರೆಗೂ ಒರೆಸುತ್ತಿದ್ದರು. ನಮಗೆ ಅಷ್ಟು ಹೊತ್ತು ಬಿಟ್ಟುಕೊಡುತ್ತಿದ್ದಾರೆಂದು ನಮಗೆ ಗೊತ್ತಿತ್ತು.

ಮುಂದೆ ಅವರಿಗೆ ಸುಲೇಪೇಟಕ್ಕೆ, ಆಮೇಲೆ ಆದಿತ್ಯನಗರದ ಹತ್ತಿರದ ಒಂದು ಶಾಲೆಗೆ, ಅಲ್ಲಿಂದ ಸೇಡಮಿಗೆ ವರ್ಗವಾಯಿತು. ಹೋದಲ್ಲೆಲ್ಲ ಅವರು ಮಾಡಿದ ಕೆಲಸವನ್ನು ಈ ಸಂಪುಟದ ಇತರ ಲೇಖಕರು ಬರೆದಿದ್ದಾರೆ. ನಾನು ಹೈಸ್ಕೂಲು ಬಿಡುವ ಮಾತು ಬಂದಾಗ ಸೇಡಮಿನಿಂದ ಬಸ್ಸು ಹಿಡಿದು ಬಂದು ನನ್ನ ಅಪ್ಪ ಕಾಶಪ್ಪನ ಜೊತೆ ಮೂರು ತಾಸು ವಾದ ಮಾಡಿ ಗೆದ್ದವರು ಅವರು. ನಾನು ಶಿಕ್ಷಕಿಯಾದದ್ದು ಅದರಿಂದ.

೨೦೦೩ರಲ್ಲಿ ಕ್ರಷರ್ ಮುಚ್ಚಿತು. ನಮ್ಮ ಓಣಿಯ ಇತಿಹಾಸದಲ್ಲಿ ಅಷ್ಟು ಭಯಂಕರವಾದ ನಿಶ್ಶಬ್ದ ಹಿಂದೆ ಬಂದಿರಲಿಲ್ಲ. ಅಷ್ಟರಲ್ಲಿ ನಮ್ಮ ಪೀಳಿಗೆ ಪೂರ್ತಿ ಕನ್ನಡಕ್ಕೆ ಬಂದಿತ್ತು, ಅಪ್ಪನ ವಯಸ್ಸಿನವರು ಆಡುವುದನ್ನು ಬಿಟ್ಟು ಅರ್ಧ ಮರೆತಿದ್ದರು. ಚಿಕ್ಕಂದಿನ ಮಾತು ನನಗೆ ಕನಸಿನಲ್ಲಿ ಕೇಳಿದಷ್ಟೇ ಉಳಿದಿತ್ತು. ಮನೆಯ ಮಾತು ಪೂರ್ತಿ ಬಲ್ಲವರು ಇಬ್ಬರೇ, ನನ್ನ ಆಯಿ ಮತ್ತು ಹೀರಾಬಾಯಿ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಎದುರುಬದುರು ಕುಳಿತಿರುತ್ತಿದ್ದರು. ಗಾಡಿ ಬರುವ ದಿಕ್ಕನ್ನು ನೋಡುತ್ತಿದ್ದರು. ಆ ಹೊತ್ತಿಗೆ ಗೂಡ್ಸ್ ಗಾಡಿಗಳು ಹೊಸ ಹಳಿಯ ಮೇಲೆ, ಓಣಿಯಿಂದ ದೂರ ಹೋಗತೊಡಗಿದ್ದವು.

೨೦೦೫ರ ಜನವರಿಯಲ್ಲಿ ಹೀರಾಬಾಯಿ ಹಾಸಿಗೆ ಹಿಡಿದಳು. ಕೊನೆಯ ದಿನ, ಬಿಸಿಲು ನೆತ್ತಿಯ ಮೇಲಿದ್ದಾಗ, ಏನೋ ಹೇಳಬೇಕೆಂದು ಆಕೆ ಅಕ್ಕನ ಸೆರಗು ಹಿಡಿದಳು. ನಾವೆಲ್ಲ ಬಗ್ಗಿ ಕಿವಿ ಕೊಟ್ಟೆವು. ಆಕೆ ತುಟಿ ಬಿಗಿಹಿಡಿದು ಬಾಗಿಲ ಕಡೆ ನೋಡುತ್ತಿದ್ದಳು. ಯಾರಿಗೂ ತಿಳಿಯಲಿಲ್ಲ. ಆಯಿ ನನ್ನ ಅಪ್ಪನ ಕಡೆ ತಿರುಗಿ, "ಟ್ರಾಕ್ಟರ ಚಾಲೂ ಮಾಡೋ," ಎಂದಳು. ಅಪ್ಪ ಬಾಡಿಗೆಗೆ ತಂದಿದ್ದ ಟ್ರಾಕ್ಟರನ್ನು ಬಾಗಿಲಿಗೆ ತಂದು ನಿಲ್ಲಿಸಿ ಇಂಜಿನ್ನು ಶುರು ಮಾಡಿ ಜೋರು ಮಾಡಿದ. ಮನೆಯೆಲ್ಲ ಹೊಗೆ ತುಂಬಿತು, ಮಾಡದಲ್ಲಿದ್ದ ಗಡಿಗೆಗಳು ಗಡಗಡ ಅಲುಗಿದವು. ಹೀರಾಬಾಯಿ ಬಾಯಿ ತೆರೆದು ಹೇಳಿದಳು. ಹೇಳಿ ಮುಗಿಸಿ ಪ್ರಾಣ ಬಿಟ್ಟಳು. ಅಪ್ಪ ಇಂಜಿನ್ನು ನಿಲ್ಲಿಸಿ ಬಂದು, "ಏನಂದಳವ್ವಾ ಚಿಗವ್ವ?" ಎಂದು ಕೇಳಿದ. ಆಯಿ ಉತ್ತರ ಹೇಳಲಿಲ್ಲ. ಸದ್ದು ನಿಂತಿತ್ತು.

ಇದನ್ನು ನಾನು ಉಮಾದೇವಿಯವರಿಗೆ ಪತ್ರ ಬರೆದು ತಿಳಿಸಿದೆ. ಅವರು ಉತ್ತರ ಬರೆಯದೆ ಮುಂದಿನ ಭಾನುವಾರವೇ ಬಂದರು. ಶಹಾಬಾದಿನಲ್ಲಿ ಅಮೀರ್ಬೀ ಎಂಬ ಹೆಣ್ಣುಮಗಳ ಹಿಟ್ಟಿನ ಗಿರಣಿ ಇತ್ತು. ಟೀಚರು ಮೊದಲು ಅಲ್ಲಿಗೆ ಹೋಗಿ, ಗಿರಾಕಿಗಳಿಲ್ಲದ ಮಧ್ಯಾಹ್ನದ ಒಂದು ತಾಸು ಗಿರಣಿಯನ್ನು ಬರಿದೇ ತಿರುಗಿಸಬಹುದೇ ಎಂದು ಕೇಳಿದರು. ಕಾರಣ ಕೇಳಿದ ಅಮೀರ್ಬೀ, "ಮುದುಕಿಗಿ ಮಾತಾಡಲಿಕ್ಕ ಗಿರಣಿ ಬೇಕೇನ್ರಿ? ಕರಕೊಂಡು ಬರ್ರಿ. ಜ್ವಾಳ ಇದ್ರ ಜ್ವಾಳ ಬೀಸತೀನಿ, ಇಲ್ಲಂದ್ರ ಬರೇ ಕಲ್ಲು ತಿರುಗಲಿ," ಎಂದಳು.

ಮೂರು ವರ್ಷ, ಪ್ರತಿ ಭಾನುವಾರ, ಇದು ನಡೆಯಿತು. ಹಿಟ್ಟಿನ ಧೂಳಿನಲ್ಲಿ ಎರಡು ಸ್ಟೂಲು, ನಡುವೆ ಒಂದು ಟೇಪ್ ರೆಕಾರ್ಡರು. ಬೆಲ್ಟು ತಿರುಗತೊಡಗಿದರೆ ನನ್ನ ಆಯಿ ಬೇರೆ ಮನುಷ್ಯಳಾಗುತ್ತಿದ್ದಳು. ನಗುತ್ತಿದ್ದಳು, ಬೈಯುತ್ತಿದ್ದಳು, ಎರಡೂ ಕೈ ಬೀಸಿ ಕೂಗಿ ಹೇಳುತ್ತಿದ್ದಳು. ಟೀಚರು ಅವಳ ಬಾಯಿಗೆ ಕಿವಿ ಹಚ್ಚಿ ಕೇಳಿ, ಕೂಗಿ ತಿರುಗಿ ಹೇಳಿ, ಬರೆದುಕೊಳ್ಳುತ್ತಿದ್ದರು. ಕಲ್ಲು ಸೀಳುವ ಮುಂಚೆ ಒಳಗೆ ಆಗುವ ಸಣ್ಣ ಸದ್ದಿಗೆ ಒಂದು ಪದವಿತ್ತು. ಸದ್ದಿಲ್ಲದೆ ತುಟಿ ಆಡುವುದಕ್ಕೆ ಒಂದು, ಇನ್ನೊಬ್ಬರ ತುಟಿ ನೋಡಿ ಅರ್ಥಮಾಡಿಕೊಳ್ಳುವುದಕ್ಕೆ ಇನ್ನೊಂದು. ಆ ಪದಗಳನ್ನು ನಾನು ಇಲ್ಲಿ ಅಚ್ಚು ಹಾಕಿಸುತ್ತಿಲ್ಲ. ನಮ್ಮ ಓಣಿಯವರ ಒಪ್ಪಿಗೆಯಿಲ್ಲದೆ ಅವು ಪುಸ್ತಕಕ್ಕೆ ಹೋಗಬಾರದೆಂದು ಆಯಿ ಕೇಳಿಕೊಂಡಿದ್ದಳು. ಟೀಚರು ಅದನ್ನು ಇಂದಿಗೂ ಪಾಲಿಸುತ್ತಾರೆ.

ಒಂದು ಭಾನುವಾರ ಆಯಿ ಏನೋ ಹೇಳುತ್ತಿದ್ದಾಗ ಕರೆಂಟು ಹೋಯಿತು. ಅವಳ ಬಾಯಿ ಒಂದು ಪದದ ನಡುವೆ ನಿಂತಿತು. ಕರೆಂಟು ಎರಡು ತಾಸು ಬರಲಿಲ್ಲ. ಅಮೀರ್ಬೀ ಚಹಾ ತಂದಳು, ಆಯಿ ಚಹಾ ಕುಡಿದಳು, ಕನ್ನಡದಲ್ಲಿ ಬಿಸಿಲು ಮಳೆಯ ಮಾತು ಆಡಿದಳು, ಗೋಡೆಗೆ ಒರಗಿ ತುಸು ನಿದ್ದೆಯನ್ನೂ ಮಾಡಿದಳು. ಬೆಲ್ಟು ಮತ್ತೆ ತಿರುಗಿದೊಡನೆ ಕಣ್ಣು ತೆರೆದು, ಕಡಿದುಹೋಗಿದ್ದ ಪದದ ಉಳಿದ ಅರ್ಧದಿಂದಲೇ ಮುಂದುವರಿಸಿದಳು. ಅಮೀರ್ಬೀ ಚಹಾದ ಬಸಿಗಳನ್ನು ಎತ್ತಿಕೊಂಡು ಹೊರಗೆ ಹೋಗಿ ನಿಂತಳು. "ಅಂಜಿಕಿ ಬಂತ್ರಿ," ಎಂದು ಆಮೇಲೆ ನನಗೆ ಹೇಳಿದಳು. "ಆ ಎರಡು ತಾಸು ಆ ಮಾತು ಎಲ್ಲಿ ನಿಂತಿತ್ತು?"

ಹೀರಾಬಾಯಿ ಕೊನೆಗೆ ಏನೆಂದಳೆಂದು ಉಮಾದೇವಿಯವರು ಕೇಳಿದ್ದು ಮೂರನೆಯ ವರ್ಷದಲ್ಲಿ. ಆಯಿ ಹೇಳಿದ್ದು ಇಷ್ಟು: ಹಿತ್ತಲಲ್ಲಿ ಹಪ್ಪಳ ಒಣಗಲು ಹಾಕಿದೆ, ಕಾಗೆ ಬರುತ್ತವೆ, ತೆಗೆದಿಡಿ. ಟೀಚರು ರೆಕಾರ್ಡರು ನಿಲ್ಲಿಸಿ ಹೊರಗೆ ಬಂದು ಬಹಳ ಹೊತ್ತು ಅತ್ತರು. ಜಮಾದಾರರು, ಅಧಿಕಾರಿಗಳು, ಮಾಸ್ತರರು ಮೂರು ತಲೆಮಾರು ಕಿವಿ ನಿಮಿರಿಸಿ ಹುಡುಕಿದ ಗುಟ್ಟು ಅದಾಗಿತ್ತು.

ಓಣಿಯವರ ಒಪ್ಪಿಗೆ ಪಡೆದು ಧ್ವನಿಸುರುಳಿಗಳನ್ನು ಭಾಷೆಗಳ ದಾಖಲಾತಿ ಮಾಡುವ ದೂರದ ಒಂದು ಸಂಸ್ಥೆಗೆ ಕಳಿಸಿದಾಗ, ಹಿನ್ನೆಲೆಯ ಗದ್ದಲದಿಂದಾಗಿ ಇವು ಉಪಯೋಗಕ್ಕೆ ಬಾರವೆಂದೂ ಶಾಂತವಾದ ಕೋಣೆಯಲ್ಲಿ ಧ್ವನಿ ಮುದ್ರಿಸಿ ಕಳಿಸಬೇಕೆಂದೂ ಉತ್ತರ ಬಂತು. ಆ ಕೋಣೆಯಲ್ಲಿ ಈ ಭಾಷೆ ಇರುವುದಿಲ್ಲ ಎಂದು ಟೀಚರು ಮರುಪತ್ರ ಬರೆದರು. ಆ ಪತ್ರಕ್ಕೆ ಉತ್ತರ ಬರಲಿಲ್ಲ.

೨೦೧೧ರ ಜನಗಣತಿಗೆ ಅವರು ಬೇಡಿಕೊಂಡು ಹಾಜರಿವಾಡಿಯ ಗಣತಿದಾರರಾಗಿ ಬಂದರು. ಮಾತೃಭಾಷೆಯ ಕಾಲಮ್ಮಿಗೆ ಬಂದಾಗ ಆಯಿ, "ಕನ್ನಡ ಬರಕೋರಿ," ಎಂದಳು. "ಸುಳ್ಳ ಆಗತದ ಆಯಿ," ಎಂದರು ಟೀಚರು. ಹತ್ತು ಸಾವಿರ ಮಂದಿ ಇಲ್ಲದ ಭಾಷೆಯ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ, ಆದರೂ ಬರೆಸಿದರೆ ಒಂದು ಗುರುತು ಉಳಿಯುತ್ತದೆ ಎಂದು ತಿಳಿಸಿ ಹೇಳಿದರು. ಆಯಿ ತಲೆ ಅಲ್ಲಾಡಿಸಿದಳು. "ಗುರುತ ಹಾಕಿದವರು ಆಮ್ಯಾಲ ಬರತಾರ. ನನಗ ಗೊತ್ತದ. ಕನ್ನಡ ಅಂತೇ ಬರೀರಿ." ಹೇಳಿದ್ದನ್ನೇ ಬರೆಯಬೇಕೆಂಬುದು ನಿಯಮ. ಅವರು ತಮ್ಮ ಕೈಯಾರೆ ಕನ್ನಡ ಎಂದು ಬರೆದರು. ಜೀವಮಾನದಲ್ಲಿ ಆ ಮೂರು ಅಕ್ಷರ ಬರೆಯುವಾಗ ಕೈ ನಡುಗಿದ್ದು ಅದೊಂದೇ ಸಲ ಎಂದು ಅವರು ಹೇಳುತ್ತಾರೆ.

ಮರುವರ್ಷ ಶ್ರಾವಣದಲ್ಲಿ ಆಯಿ ತೀರಿಕೊಂಡಳು. ಅಂದಿನಿಂದ ನಮ್ಮ ಮಾತನ್ನು ಪೂರ್ತಿ ಬಲ್ಲವರು ಭೂಮಿಯ ಮೇಲೆ ಒಬ್ಬರೇ ಉಳಿದರು. ಅವರು ನಮ್ಮವರಲ್ಲ, ಕೊಡ್ಲಿಯ ಸ್ಥಾವರಮಠದ ಹೆಣ್ಣುಮಗಳು.

೨೦೧೭ರಲ್ಲಿ ಅವರು ಮುಖ್ಯಗುರುಗಳಾಗಿ ಹಾಜರಿವಾಡಿಗೇ ಮರಳಿದರು. ಓಣಿಯ ಮಕ್ಕಳಿಗೆ ಅವರ ಹಿರಿಯರ ಮಾತನ್ನು ಕಲಿಸಲು ಓಣಿಯವರ ಒಪ್ಪಿಗೆ ಕೇಳಬೇಕೆಂದು ಮುಂದಿನ ವರ್ಷದ ಸ್ವಾತಂತ್ರ್ಯೋತ್ಸವದ ದಿನ ಧ್ವಜಾರೋಹಣ ಮುಗಿದ ಮೇಲೆ ಹಿರಿಯರನ್ನು ಕೂಡಿಸಿದರು. ಅಷ್ಟೊತ್ತಿಗೆ ಹಿರಿಯನೆಂದರೆ ನನ್ನ ಅಪ್ಪ ಕಾಶಪ್ಪ. ವಾಡಿಯ ಶಾಲೆಯಲ್ಲಿ ಕೆಲಸಕ್ಕಿದ್ದ ನಾನೂ ಬಂದಿದ್ದೆ. ಕೋಣೆ ಶಾಂತವಾಗಿತ್ತು. ಟೀಚರು ಎದ್ದು ನಿಂತು, ಸಣ್ಣಗೆ ಒಮ್ಮೆ ಕೆಮ್ಮಿ, ನಮ್ಮ ಮಾತಿನಲ್ಲಿ ಒಂದು ಪ್ರಶ್ನೆ ಕೇಳಿದರು.

ಅವರು ಕೂಗಿ ಕೇಳಿದರು. ಗಿರಣಿಯಲ್ಲಿ ಕಲಿತದ್ದರಿಂದ ಮೆಲ್ಲಗೆ ಆಡಲು ಅವರಿಗೆ ಬರುತ್ತಿರಲಿಲ್ಲ. ಅದಕ್ಕಿಂತ ನಮ್ಮನ್ನು ಬೆಚ್ಚಿಬೀಳಿಸಿದ್ದು ದನಿ. ಹಲ್ಲಿಲ್ಲದ ಬಾಯಿಯ ಸಕಾರ, ಉಸಿರು ಸಾಲದೆ ನಡುವೆ ನಿಲ್ಲುವ ರೀತಿ, ಕೊನೆಯಲ್ಲಿ ಏರುವ ರಾಗ, ಎಲ್ಲವೂ ನನ್ನ ಆಯಿಯದು. ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಸಾಕ್ರಿ ಟೀಚರ್. ನಮ್ಮವ್ವ ಮಣ್ಣಾಗ ಹೋಗಿ ಆರು ವರ್ಷ ಆಯ್ತು. ಆಕಿ ಕೆಮ್ಮು ಸುದ್ದಾ ನಿಮ್ಮ ಬಾಯಾಗ ಅದ."

ಟೀಚರು ತಮ್ಮ ನೋಟುಬುಕ್ಕು ತೆರೆದು ನನಗೆ ತೋರಿಸಿದರು. ಪ್ರಶ್ನೆ ಕೇಳುವ ಮುಂಚೆ ಸಣ್ಣಗೆ ಕೆಮ್ಮುವುದು ಈ ಭಾಷೆಯ ಪ್ರಶ್ನಾರ್ಥದ ಗುರುತು ಎಂದು ವ್ಯಾಕರಣದ ಪುಟದಲ್ಲಿ ದುಂಡಗೆ ಬರೆದಿತ್ತು. ಕಲಿಸಿದವಳು ಒಬ್ಬಳೇ ಇದ್ದುದರಿಂದ ಭಾಷೆ ಎಲ್ಲಿ ಮುಗಿದು ಮಾಳಮ್ಮ ಎಲ್ಲಿ ಶುರುವಾಗುತ್ತಾಳೆಂದು ಹೇಳುವವರು ಯಾರೂ ಇರಲಿಲ್ಲ.

ಅಪ್ಪ ಏಳು ತಿಂಗಳು ಶಾಲೆಯ ಕಡೆ ಸುಳಿಯಲಿಲ್ಲ. ಟೀಚರು ಆ ವಿಷಯ ಎತ್ತಲಿಲ್ಲ, ಮಕ್ಕಳಿಗೆ ಒಂದು ಪದವನ್ನೂ ಕಲಿಸಲಿಲ್ಲ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಪ್ಪ ತಾನಾಗಿಯೇ ಬಂದು ಶಾಲೆಯ ಮೆಟ್ಟಿಲ ಮೇಲೆ ಕುಳಿತ. ಟೀಚರು ಹೊರಗೆ ಬಂದರು.

"ನಾ ಸಣ್ಣಾಂವ ಇದ್ದಾಗ ನಮ್ಮವ್ವ ಬೈತಿದ್ಳು," ಎಂದ ಅಪ್ಪ. "ಊಟಕ್ಕ ತಡ ಮಾಡಿ ಬಂದ್ರ. ಅದೊಂದು ಬೈರಿ."

ಟೀಚರು ಬೈದರು. ಅಪ್ಪ ತಲೆ ತಗ್ಗಿಸಿ ಕೇಳಿದ. ಆಮೇಲೆ ಅಪ್ಪ, ಅರವತ್ತಮೂರು ವರ್ಷದ ಮನುಷ್ಯ, ತಡವಾದದ್ದಕ್ಕೆ ಕಾರಣ ಹೇಳಿದ. ಅದೇ ಮಾತಿನಲ್ಲಿ, ಮೆಲ್ಲಗೆ, ಸುತ್ತಲೂ ಯಾವ ಸದ್ದೂ ಇಲ್ಲದಿರುವಾಗ. ಹೇಳಿ ಗೇಟಿನ ಕಡೆ ನೋಡಿದ. ಯಾರೂ ಬರಲಿಲ್ಲ. ಆಗ ಎದುರು ಪ್ರಶ್ನೆಯೊಂದನ್ನೂ ಕೇಳಿದ. ಕೇಳುವ ಮುಂಚೆ ಕೆಮ್ಮಲಿಲ್ಲ. ಟೀಚರು ಒಳಗೆ ಹೋಗಿ ನೋಟುಬುಕ್ಕಿನ ಆ ಸಾಲನ್ನು ಹೊ​ಡೆದುಹಾಕಿ ಬಂದರು.

ಆ ವರ್ಷದಿಂದ ಶನಿವಾರದ ಬೆಳಗಿನ ಒಂದು ಪೀರಿಯಡ್ಡಿನಲ್ಲಿ ಅವರಿಬ್ಬರೂ ಮಕ್ಕಳ ಎದುರು ಕುಳಿತು ಮಾತಾಡುತ್ತಾರೆ. ಅಪ್ಪನಿಗೆ ಮರೆತದ್ದನ್ನು ಟೀಚರು ನೆನಪಿಸುತ್ತಾರೆ, ಟೀಚರ ದನಿಯನ್ನು ಅಪ್ಪ ತಗ್ಗಿಸುತ್ತಾನೆ. ಭಾಷೆ ಉಳಿಯಿತೆಂದು ನಾನು ಹೇಳಲಾರೆ. ಹತ್ತೊಂಬತ್ತು ಮಕ್ಕಳು ನಾಲ್ಕು ಮಾತು ಆಡಬಲ್ಲರು. ಅವರಲ್ಲಿ ಅಮೀರ್ಬೀಯ ಮೊಮ್ಮಗಳು ಸಾನಿಯಾ ಕೂಡ ಒಬ್ಬಳು. ಶಾಲೆಯ ಪುಸ್ತಕಗಳಲ್ಲಿ ಈ ಮಾತಿಗೆ ಜಾಗವಿಲ್ಲ, ವೇಳಾಪಟ್ಟಿಯಲ್ಲಿ ಆ ಪೀರಿಯಡ್ಡಿಗೆ ಇಂದಿಗೂ "ನೀತಿಕಥೆ" ಎಂದೇ ಹೆಸರು. ಬೇರೆ ಹೆಸರು ಬರೆದರೆ ಮೇಲಿನವರು ಕೇಳುತ್ತಾರೆಂಬ ಸಣ್ಣ ಅಳುಕು ನಮ್ಮೆಲ್ಲರಲ್ಲೂ ಇದೆ. ಈ ಲೇಖನದಿಂದ ಅದು ಬಯಲಾಗುತ್ತದೆ. ಆಗಲಿ ಎಂದು ಉಮಾದೇವಿಯವರೇ ಹೇಳಿದ್ದಾರೆ.

ಈ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾಗಿ ಸೇಡಮಿನ ತಮ್ಮ ಮನೆಯಲ್ಲಿ ನೆಲೆಸಿದ್ದಾರೆ. ಶನಿವಾರ ಬಸ್ಸು ಹಿಡಿದು ಹಾಜರಿವಾಡಿಗೆ ಬರುವುದನ್ನು ಬಿಟ್ಟಿಲ್ಲ. ಈ ಲೇಖನದ ಕರಡು ತೋರಿಸಲು ಹೋದ ವಾರ ನಾನು ಸೇಡಮಿಗೆ ಹೋಗಿದ್ದೆ. ಹಗಲು ಹನ್ನೊಂದು ಗಂಟೆ. ಬಾಗಿಲು ಮುಚ್ಚಿತ್ತು. ಒಳಗಿನಿಂದ ನನ್ನ ಆಯಿಯ ದನಿ ಕೇಳಿಸುತ್ತಿತ್ತು. ಒಂದು ಮಾತು, ಸ್ವಲ್ಪ ಮೌನ, ಮತ್ತೆ ಒಂದು ಮಾತು. ಮರೆಯಬಾರದೆಂದು ಅವರು ದಿನವೂ ಹೀಗೆ ಒಬ್ಬರೇ ಆಡಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಬಾಗಿಲ ಚಿಲಕದ ಮೇಲೆ ನಿಂತಿತು. ದನಿ ಕೇಳಿತು: ಹೊರಗೆ ಯಾರು ನಿಂತೀರಿ, ಉಂಡೀರೇನು?

ಅದು ನನ್ನನ್ನು ಕಂಡು ಕೇಳಿದ್ದಲ್ಲ, ಪಾಠದ ವಾಕ್ಯ. ಅದರ ನಂತರ ಬಿಟ್ಟ ಮೌನ ಎಂದಿನಷ್ಟೇ ಉದ್ದವಿತ್ತು. ನನ್ನ ಬಾಯಿಂದ ಉತ್ತರ ಹೊರಟಿತು. ಮೂವತ್ತೇಳು ವರ್ಷದ ನಂತರ, ಶಾಂತವಾದ ಬೀದಿಯಲ್ಲಿ, ಜನ ಹಾದುಹೋಗುತ್ತಿರುವಾಗ, ನಾನು ಹೊಸ್ತಿಲಾಚೆ ನಿಂತು ಇನ್ನೂ ಉಂಡಿಲ್ಲ ಎಂದು ನಮ್ಮ ಮಾತಿನಲ್ಲಿ ಅಂದೆ. ಆಮೇಲೆ ಟೀಚರು ಬಂದು ಬಾಗಿಲು ತೆರೆದರು. ಅವರ ಕೈ ಎದೆಯ ಮೇಲಿತ್ತು. ಹೆದರಿದ್ದರು.

"ಒಂದು ಪದ ತಪ್ಪದ," ಎಂದರು, ಉಸಿರು ತಿರುಗಿದ ಮೇಲೆ. "ಬಾ, ಕುಂದರು. ತಿದ್ದಿ ಹೇಳತೀನಿ."

ಅವರಿಗೆ ಆಯುಷ್ಯ, ಆರೋಗ್ಯ, ಕೆಲಸದ ಹುರುಪು ಇನ್ನೂ ಬಹಳ ಕಾಲ ಇರಲಿ ಎಂದು ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ. ಅವರ ನೋಟುಬುಕ್ಕಿನಲ್ಲಿ ಸಾವಿರದ ಒಂಬೈನೂರು ಪದಗಳಿವೆ. ಅವುಗಳಲ್ಲಿ ನನಗೆ ಈಗ ಬರುವುದು ನೂರ ಹನ್ನೆರಡು.